ಜೋಳದ ಪಾಳಿ ತೀರಿದ ಮೇಲೆ

ಪಂಪನ ಕರ್ಣನನ್ನು ಪಾಠ ಹೇಳುವಾಗ ಯಾವ ಅಧ್ಯಾಪಕನಿಗಾದರೂ ಕಂಠ ಸ್ವಲ್ಪ ಏರುವುದು ಸಹಜ. ಜನ್ಮರಹಸ್ಯವನ್ನು ಕೃಷ್ಣನೇ ಬಾಯಿಬಿಟ್ಟು ಹೇಳಿದ ಮೇಲೂ, ರಾಜ್ಯವೇ ಕೈಗೆ ಬರುವಂತಿದ್ದರೂ, ತನ್ನನ್ನು ಪೊರೆದ ದುರ್ಯೋಧನನನ್ನು ಬಿಡಲೊಲ್ಲದ ಆ ಮಹಾಪುರುಷನನ್ನು ಕುರಿತು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಮಾತನಾಡುತ್ತ ಬಂದಿದ್ದೇನೆ. ಒಡೆಯನ ಅನ್ನವುಂಡವನು ಅವನಿಗಾಗಿ ಪ್ರಾಣವನ್ನೂ ಕೊಡಬೇಕೆಂಬ ಕಟ್ಟಳೆಗೆ ನಮ್ಮ ಹಿಂದಿನವರು ಜೋಳದ ಪಾಳಿ, ಜೋಳವಾಳಿ ಎಂದು ಹೆಸರಿಟ್ಟಿದ್ದರು. ಇದನ್ನು ವಿವರಿಸುತ್ತಿದ್ದ ಒಂದು ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ದುರ್ಯೋಧನ ಹಸ್ತಿನಾವತಿಯನ್ನ ಇನ್ಯಾರಿಗಾದರೂ ಮಾರಿಬಿಟ್ಟಿದ್ದರೆ ಕರ್ಣ ಏನು ಮಾಡಬೇಕಾಗಿತ್ತು?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ. ನನ್ನ ಭಾವನವರು ಇಪ್ಪತ್ತೆಂಟು ವರ್ಷ ದುಡಿದ ಔಷಧ ಕಂಪೆನಿಯನ್ನು ಬಿಟ್ಟು ಬಂದದ್ದು ಆ ವಾರವೇ.

ಭಾವನವರದು ಮೆಡಿಕಲ್ ರೆಪ್ರೆಸೆಂಟೆಟಿವ್ ಕೆಲಸ. ಬಿ.ಎಸ್ಸಿ. ಮುಗಿಸಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಆ ಕಪ್ಪು ಚೀಲವನ್ನು ಕೈಗೆತ್ತಿಕೊಂಡವರು ಐವತ್ತೆರಡಕ್ಕೆ ಕೆಳಗಿಟ್ಟರು. ದಾವಣಗೆರೆ ಅವರ ಕೇಂದ್ರ. ಅತ್ತ ಹರಿಹರ, ರಾಣೆಬೆನ್ನೂರು, ಹಾವೇರಿ, ಇತ್ತ ಚಿತ್ರದುರ್ಗ, ಹಿರಿಯೂರು ಅವರ ಸಂಚಾರದ ಊರುಗಳು. ಯಾವ ವೈದ್ಯರು ಎಷ್ಟು ಗಂಟೆಗೆ ಬರುತ್ತಾರೆ, ಯಾರಿಗೆ ಮಾತು ಕಡಿಮೆ, ಯಾರ ಮಗಳು ಯಾವ ಊರಿನಲ್ಲಿ ಓದುತ್ತಾಳೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ರೋಗಿಗಳ ಸಾಲು ಕರಗಿದ ಮೇಲೆ ಸಿಗುವ ಎರಡು ನಿಮಿಷಕ್ಕಾಗಿ ಎರಡು ಗಂಟೆ ಬೆಂಚಿನ ಮೇಲೆ ಕಾಯುವುದು. ಒಳಗೆ ಹೋಗಿ ಬಣ್ಣದ ಚಿತ್ರಗಳ ಪುಸ್ತಕವನ್ನು ಬಿಡಿಸಿ ತಮ್ಮ ಮಾತ್ರೆಯ ಗುಣವನ್ನು ಹೇಳುವುದು. ಎರಡು ಸ್ಯಾಂಪಲ್ ಮೇಜಿನ ಮೇಲಿಟ್ಟು ನಮಸ್ಕರಿಸಿ ಹೊರಬರುವುದು. ರಾತ್ರಿ ಊಟವಾದ ಮೇಲೆ ದಿನದ ವರದಿ ಬರೆಯುವುದು. ಈ ಕೊನೆಯ ಕೆಲಸ ಈಚಿನ ವರ್ಷಗಳಲ್ಲಿ ಮೊಬೈಲ್ ಫೋನಿಗೆ ಬಂದಿತು. ಜತೆಗೆ ಅವರು ಯಾವ ಗಳಿಗೆಯಲ್ಲಿ ಯಾವ ಬೀದಿಯಲ್ಲಿದ್ದಾರೆಂಬುದೂ ಕಂಪೆನಿಗೆ ತಿಳಿಯುವಂತಾಯಿತು. "ಇಷ್ಟು ವರ್ಷ ನನಗೇ ತಿಳೀದಿದ್ದದ್ದು ಅವರಿಗೆ ತಿಳೀತಲ್ಲ" ಎಂದು ನಮ್ಮ ಅಕ್ಕ ನಕ್ಕಿದ್ದಳು.

ಬಿಟ್ಟು ಬಂದರು ಎಂದೆ. ಅದು ಸೌಜನ್ಯದ ಮಾತು. ಅವರ ಪ್ರದೇಶವನ್ನು ಪಕ್ಕದ ಪ್ರದೇಶದೊಡನೆ ಸೇರಿಸಲಾಗಿದೆಯೆಂದೂ, ಇಷ್ಟವಿದ್ದರೆ ರಾಯಪುರಕ್ಕೆ ಹೋಗಬಹುದೆಂದೂ, ಇಲ್ಲವಾದರೆ ಪತ್ರ ಬರೆದುಕೊಡಬಹುದೆಂದೂ ಒಂದು ಹೊಟೇಲಿನ ಕೋಣೆಯಲ್ಲಿ, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಅಧಿಕಾರಿಯೊಬ್ಬ ಹೇಳಿದನಂತೆ. ಭಾವ ಪತ್ರ ಬರೆದುಕೊಟ್ಟರು. ಆ ಪತ್ರಕ್ಕೆ ನಾವು ರಾಜೀನಾಮೆ ಎನ್ನುತ್ತೇವೆ. ಪಾರಸಿಯಿಂದ ಬಂದ ಈ ಮಾತಿನ ಮೂಲಾರ್ಥ ಒಪ್ಪಿಗೆಯ ಪತ್ರ ಎಂದು. ನಾನು ರಾಜಿಯಾಗಿದ್ದೇನೆಂದು ಬರೆದುಕೊಡುವ ಕಾಗದ. ಕಚೇರಿಯ ಬಾಗಿಲಿನಲ್ಲಿ ಈ ಮಾತನ್ನು ಮೊದಲು ಕಲಿತ ಕನ್ನಡಿಗನಿಗೆ ಅದರೊಳಗಿನ ವ್ಯಂಗ್ಯ ತಿಳಿದಿತ್ತೋ ಇಲ್ಲವೋ, ಭಾಷೆ ಮಾತ್ರ ಅದನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ.

ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳನ ಮರಣದೊಡನೆ ಅವನ ದಂಡನಾಯಕ ಕುವರ ಲಕ್ಷ್ಮನು ಸಂಗಡಿಗರೊಂದಿಗೆ ಪ್ರಾಣ ನೀಗಿದ ಕಥೆಯನ್ನು ಹೇಳುವ ಕಂಬ ಅದು. ಇಂಥವರನ್ನು ಗರುಡರೆಂದು ಕರೆಯುತ್ತಿದ್ದರು. ಅಷ್ಟು ಭೀಕರವಾದ ನಿಷ್ಠೆ ಇಂದು ಯಾರಿಗೂ ಬೇಡ. ಆದರೆ ಕುವರ ಲಕ್ಷ್ಮನಿಗೆ ತನ್ನ ಒಡೆಯ ಯಾರೆಂಬುದಾದರೂ ಗೊತ್ತಿತ್ತು. ಔಷಧೋದ್ಯಮದ ಆಳಿಗೆ ಆ ಭಾಗ್ಯವೂ ಇಲ್ಲ. 1995ರಲ್ಲಿ ಗ್ಲಾಕ್ಸೋ ಮತ್ತು ವೆಲ್ಕಮ್ ಕೂಡಿಕೊಂಡವು. 1996ರಲ್ಲಿ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಸೇರಿ ನೊವಾರ್ಟಿಸ್ ಆದವು. 1999ರಲ್ಲಿ ಹೆಕ್ಸ್ಟ್ ಮತ್ತೊಂದು ಕಂಪೆನಿಯೊಡನೆ ಸೇರಿ ಅವೆಂಟಿಸ್ ಆಯಿತು, ಐದೇ ವರ್ಷಗಳಲ್ಲಿ ಅವೆಂಟಿಸ್ ಸನೋಫಿಯೊಳಗೆ ಸೇರಿಹೋಯಿತು. ನಮ್ಮ ದೇಶದ ಕಂಪೆನಿಗಳ ಕಥೆಯೂ ಬಹಳ ಬೇರೆಯಲ್ಲ. ಭಾವನವರ ಕಂಪೆನಿ ಅವರ ಕಾಲದಲ್ಲಿಯೇ ಎರಡು ಸಲ ಹೆಸರು ಬದಲಿಸಿತು. ಪ್ರತಿ ಸಲವೂ ಅವರು ಹಳೆಯ ಚೀಟಿಗಳನ್ನು ಹರಿದು ಹೊಸ ಚೀಟಿಗಳನ್ನು ಜೇಬಿಗಿಟ್ಟುಕೊಂಡು ಅದೇ ಬೆಂಚಿನ ಮೇಲೆ ಹೋಗಿ ಕುಳಿತರು. ನನ್ನ ವಿದ್ಯಾರ್ಥಿಯ ಪ್ರಶ್ನೆ ತಮಾಷೆಯದಾಗಿರಲಿಲ್ಲ.

ಕಾನೂನಿಗೂ ಈ ಜನರನ್ನು ಏನೆಂದು ಕರೆಯಬೇಕೆಂಬುದು ಬಹಳ ಕಾಲ ತೊಡಕಾಗಿತ್ತು. ಕೈಕೆಲಸದವರಲ್ಲ, ಗುಮಾಸ್ತರಲ್ಲ, ಮೇಲ್ವಿಚಾರಕರೂ ಅಲ್ಲ. ಕೈಗಾರಿಕಾ ವಿವಾದಗಳ ಕಾಯಿದೆಯ ವ್ಯಾಖ್ಯೆಯಲ್ಲಿ ಇವರು ಕೆಲಸಗಾರರೇ ಅಲ್ಲವೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. ಇವರಿಗೆ ದೊರೆತ ರಕ್ಷಣೆ 1976ರಲ್ಲಿ ಇವರಿಗೆಂದೇ ಬಂದ ಬೇರೊಂದು ಕಾಯಿದೆಯಿಂದ. ದುಡಿಯುವುದು ಆಳಿನಂತೆ, ಉಡುಪು ಅಧಿಕಾರಿಯದು. ಕಂಠಕೌಪೀನ ಬಿಗಿದು ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಮಾತ್ರ ಈ ವಿರೋಧಾಭಾಸದ ಪೂರ್ಣ ರುಚಿ ಗೊತ್ತು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಭವಿಷ್ಯನಿಧಿ ಬಂತು, ಉಪದಾನ ಬಂತು, ಮಗಳ ಮದುವೆಯ ಸಾಲ ತೀರಿತು. ನಿವೃತ್ತಿವೇತನದ ಯೋಜನೆ 1995ರದು. ಸಂಬಳವೆಷ್ಟೇ ಇದ್ದರೂ ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದು ಒಂದು ಮಿತಿಯವರೆಗೆ ಮಾತ್ರ. 2014ರಲ್ಲಿ ಆ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ಆ ವರ್ಷವೇ ಕನಿಷ್ಠ ವೇತನ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಸಾವಿರ ರೂಪಾಯಿಯಲ್ಲಿ ಏನೇನು ಬರುತ್ತದೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಔಷಧದ ಅಂಗಡಿ ಇಡುವ ಯೋಚನೆಯೊಂದಿತ್ತು. ಅದಕ್ಕೆ ನೋಂದಾಯಿತ ಫಾರ್ಮಸಿಸ್ಟ್ ಬೇಕು, ಭಾವನವರ ಬಿ.ಎಸ್ಸಿ. ಅಲ್ಲಿ ನಡೆಯದು. ಇಪ್ಪತ್ತೆಂಟು ವರ್ಷ ವೈದ್ಯರಿಗೆ ಮದ್ದಿನ ಗುಣ ಹೇಳಿದವರು ಒಂದು ಪಟ್ಟಿ ಮಾತ್ರೆಯನ್ನು ತಾವಾಗಿ ಕೈಯೆತ್ತಿ ಮಾರುವಂತಿಲ್ಲ! ಕಾನೂನು ಸರಿಯಾದದ್ದೇ. ಆದರೂ ಕೇಳಿದವರಿಗೆ ಒಂದು ಬಗೆಯ ನಗು ಬರುತ್ತದೆ.

ಹೆಚ್ಚಿನ ಸಂಕಟ ಬೇರೆ ಕಡೆ ಇತ್ತು. ಫೋನು ಕಂಪೆನಿಯದು, ಅದರ ಸಂಖ್ಯೆಯೂ ಕಂಪೆನಿಯದು. ಚೀಲದ ಜತೆಗೆ ಅದನ್ನೂ ಒಪ್ಪಿಸಿದ ದಿನ ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತಂತೆ. ಮೂರು ತಿಂಗಳಾದ ಮೇಲೆ ಮಂಡಿನೋವೆಂದು ಹಳೆಯ ಪರಿಚಯದ ವೈದ್ಯರೊಬ್ಬರ ಬಳಿಗೆ ಹೋದರು. ಹೋದವರು ಅಭ್ಯಾಸಬಲದಿಂದ ರೋಗಿಗಳ ಕುರ್ಚಿಯನ್ನು ಬಿಟ್ಟು ಗೋಡೆಬದಿಯ ರೆಪ್‌ಗಳ ಬೆಂಚಿನಲ್ಲಿ ಕುಳಿತರು. ಕಾಂಪೌಂಡರು ಬಂದು, "ಸಾರ್, ಇವತ್ತು ಬಾಳ ರಷ್ಷು. ಕಂಪೆನಿಯವರನ್ನೆಲ್ಲ ಎಂಟರ ಮೇಲೆ ಬಿಡ್ತಾರೆ" ಎಂದ. ಭಾವ ಎಂಟರವರೆಗೆ ಕಾದರು. ತಾವು ರೋಗಿಯೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಇದನ್ನು ಅವರೇ ನನಗೆ ನಗುತ್ತ ಹೇಳಿದರು. ಅಕ್ಕ ಒಳಗೆ ಎದ್ದು ಹೋದಳು.

ಕೆಲಸ ಬಿಟ್ಟ ಮೇಲಿನ ಬದುಕು ಎಂದರೆ ಪತ್ರಿಕೆಗಳಲ್ಲಿ ನಾವು ಓದುವುದು ಬೇರೆ ತರಹದವರನ್ನು ಕುರಿತು. 1961ರಲ್ಲಿ ಸ್ಥಾಪನೆಯಾಗಿ ರಷ್ಯದ ನೆರವಿನಿಂದ ಬೆಳೆದ ಸರಕಾರಿ ಔಷಧ ಸಂಸ್ಥೆ ಐ.ಡಿ.ಪಿ.ಎಲ್.ನ ಹೈದರಾಬಾದು ಕಾರ್ಖಾನೆಯನ್ನು ಬಿಟ್ಟು ಬಂದ ಅಂಜಿ ರೆಡ್ಡಿ 1984ರಲ್ಲಿ ತಮ್ಮ ಹೆಸರಿನ ಕಂಪೆನಿಯನ್ನೇ ಕಟ್ಟಿದರು. ಅವರು ಹೊತ್ತು ತಂದದ್ದು ಔಷಧವನ್ನು ತಯಾರಿಸುವ ವಿದ್ಯೆ. 1970ರ ಪೇಟೆಂಟ್ ಕಾಯಿದೆ ಔಷಧಕ್ಕೇ ಹಕ್ಕು ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿದ್ದರಿಂದ, ಅದೇ ಮದ್ದನ್ನು ಬೇರೆ ದಾರಿಯಲ್ಲಿ ಮಾಡಬಲ್ಲವನಿಗೆ 2005ರ ತನಕ ಬಾಗಿಲು ತೆರೆದಿತ್ತು. ಅದೇ ಐ.ಡಿ.ಪಿ.ಎಲ್.ನಲ್ಲಿ ಕಡೆಯವರೆಗೆ ಉಳಿದವರು ನೋಡಿದ್ದು 2016ರಲ್ಲಿ ಅದನ್ನು ಮುಚ್ಚುವ ತೀರ್ಮಾನವನ್ನು. ಇನ್ನು ನಮ್ಮವರೇ ಆದ ಜಯಂತ ಕಾಯ್ಕಿಣಿಯವರು ಜೀವರಸಾಯನ ಓದಿ, ಮುಂಬಯಿಯ ಔಷಧೋದ್ಯಮದಲ್ಲಿ ಬಹುಕಾಲ ದುಡಿದು, ಅನಂತರ ಬೆಂಗಳೂರಿಗೆ ಬಂದರು. ಅವರು ಕೆಲಸದಲ್ಲಿದ್ದಾಗಲೂ ಕಥೆಗಾರರೇ. ಆದ್ದರಿಂದ ಬಿಟ್ಟಾಗ ಅವರ ಹೆಸರು ಅವರ ಬಳಿಯೇ ಇತ್ತು. ಕಾರ್ಖಾನೆಯ ರಸಾಯನಜ್ಞನಿಗೆ ವಿದ್ಯೆಯಿದೆ, ಕವಿಗೆ ಕಾವ್ಯವಿದೆ. ರೆಪ್ರೆಸೆಂಟೆಟಿವ್ ಆದವನಿಗೆ ಇದ್ದದ್ದು ನಾಲಿಗೆ ಒಂದೇ; ಅದನ್ನೂ ಅವನು ಇಪ್ಪತ್ತೆಂಟು ವರ್ಷ ಇನ್ನೊಬ್ಬರ ಮಾತಿಗೆ ಬಾಡಿಗೆ ಕೊಟ್ಟಿದ್ದ.

ಆ ನಾಲಿಗೆ ಮರಳಿ ಬಂದ ಸಂದರ್ಭವನ್ನು ಹೇಳಬೇಕೆಂದೇ ಇಷ್ಟು ದೂರ ಬಂದೆ. ಅಕ್ಕನ ಮನೆಯ ಎದುರಿನಲ್ಲಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಮೇಷ್ಟರೊಬ್ಬರಿದ್ದಾರೆ. ಅವರಿಗೂ ಅವರ ಹೆಂಡತಿಗೂ ರಕ್ತದೊತ್ತಡ, ಸಕ್ಕರೆ ಕಾಯಿಲೆ. ತಿಂಗಳ ಮೊದಲ ವಾರ ಔಷಧದ ಅಂಗಡಿಯ ಚೀಟಿ ಹಿಡಿದುಕೊಂಡು ಬಂದು, "ಇದಕ್ಕಿಂತ ಕಡಿಮೇದು ಯಾವುದೂ ಇಲ್ಲವಾ, ನಿಮಗೆ ಗೊತ್ತಿರುತ್ತಲ್ಲ?" ಎಂದು ಕೇಳುತ್ತಿದ್ದರು. ಚೀಟಿಯಲ್ಲಿದ್ದ ಮೊದಲ ಹೆಸರೇ ಭಾವನವರ ಕಂಪೆನಿಯದು. ಎಷ್ಟೋ ತಿಂಗಳು ಅವರು "ಡಾಕ್ಟರು ಬರೆದದ್ದು ತಗೊಳ್ಳಿ ಮೇಷ್ಟ್ರೇ" ಎಂದು ಹೇಳಿ ಕಳಿಸಿದರು. ನಾನು ಕೇಳಿದರೆ, "ಉಪ್ಪು ತಿಂದ ಮನೆ ಕಣೋ" ಎಂದರು.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳದೆ ಇರಲಾರೆ. ಉಪ್ಪಿನ ಋಣ ದೊಡ್ಡದು; ಅದನ್ನು ಹಾಸ್ಯ ಮಾಡುವವನು ನಾನಲ್ಲ. ಕಂಪೆನಿಯ ಒಳಗುಟ್ಟುಗಳನ್ನು ಬೀದಿಯಲ್ಲಿ ಹರಡುವವನನ್ನು ನಾನು ಮೆಚ್ಚಲಾರೆ. ಬಿಟ್ಟ ಮನೆಯನ್ನು ಬೈಯುತ್ತ ಉಳಿದ ಆಯುಷ್ಯವನ್ನು ಕಳೆಯುವವನನ್ನು ನೋಡಿದರೆ ಕನಿಕರವಾಗುತ್ತದೆ. ಆದರೆ ಎರಡು ಹೆಸರಿನ ಮಾತ್ರೆಗಳಲ್ಲಿರುವ ಮದ್ದು ಒಂದೇ ಎಂಬುದು ಯಾರ ಗುಟ್ಟೂ ಅಲ್ಲ. ಔಷಧಗಳನ್ನು ವ್ಯಾಪಾರದ ಹೆಸರಿಗೆ ಬದಲಾಗಿ ಮೂಲದ ಹೆಸರಿನಿಂದಲೇ ಕರೆಯುವ ಕಡೆಗೆ ಹಂತಹಂತವಾಗಿ ಸಾಗಬೇಕೆಂದು ಹಾಥಿ ಸಮಿತಿ ಹೇಳಿದ್ದು 1975ರಲ್ಲಿ. ವೈದ್ಯರು ಮೂಲದ ಹೆಸರನ್ನೇ ಬರೆಯಬೇಕೆಂಬ ನಿಯಮ 2023ರ ಆಗಸ್ಟಿನಲ್ಲಿ ಬಂದು ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟಿತು. ಅಗ್ಗದ್ದೆಲ್ಲ ಒಳ್ಳೆಯದೆಂದು ಕಣ್ಣುಮುಚ್ಚಿ ನಂಬಬಾರದೆಂಬ ವೈದ್ಯರ ಆಕ್ಷೇಪದಲ್ಲಿಯೂ ಸತ್ಯಾಂಶವಿದೆ. ಆ ವಾದ ಮುಗಿಯುವ ತನಕ ನಮ್ಮ ಮೇಷ್ಟರು ಕಾಯಬೇಕೆ? ಒಡೆಯನು ಆಳನ್ನು ಕಳಿಸಿಕೊಟ್ಟ ದಿನವೇ ಜೋಳದ ಪಾಳಿ ತೀರಿತು. ಅದು ತೀರದೆಂದು ಆಳು ತಾನೇ ಎಣಿಸಿಕೊಂಡು ಬಾಯಿ ಮುಚ್ಚಿದರೆ, ಆ ಮೌನಕ್ಕೆ ಬೆಲೆ ತೆರುವವನು ಎದುರು ಮನೆಯವನು. ಕರ್ಣನ ನಿಷ್ಠೆಯ ಬೆಲೆಯನ್ನು ಕರ್ಣನೇ ತೆತ್ತ. ಅದರಿಂದಲೇ ಅವನು ದೊಡ್ಡವನಾದ. ಇಪ್ಪತ್ತು ವರ್ಷ ಪಾಠ ಹೇಳಿದರೂ ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುವ ಮನುಷ್ಯನಿಗೆ ಇಂಥದು ಹೊಳೆಯುವುದು ನಿಧಾನ.

ಇದನ್ನೆಲ್ಲ ನಾನು ಭಾವನವರಿಗೆ ಉಪದೇಶಿಸಿದೆನೆಂದು ತಿಳಿಯಬೇಡಿ. ಅವರೇ ಒಂದು ದಿನ ಮೇಷ್ಟರ ಚೀಟಿಯನ್ನು ತೆಗೆದುಕೊಂಡು, ಪ್ರತಿಯೊಂದು ಹೆಸರಿನ ಮುಂದೆಯೂ ಅದರ ಮೂಲದ ಹೆಸರನ್ನು ಬರೆದುಕೊಟ್ಟರು. "ಇದನ್ನ ಡಾಕ್ಟರ ಹತ್ತಿರ ತಗೊಂಡು ಹೋಗಿ. ಇದೇ ಮದ್ದು ಜನೌಷಧಿ ಅಂಗಡೀಲಿ ಸಿಕ್ಕರೆ ತಗೋಬಹುದಾ ಅಂತ ಕೇಳಿ. ಅವರನ್ನ ಕೇಳದೆ ಬದಲಾಯಿಸಬೇಡಿ, ಯಜಮಾನ್ತೀರ ಥೈರಾಯ್ಡ್ ಮಾತ್ರೆಯಂತೂ ಮುಟ್ಟಲೇಬೇಡಿ" ಎಂದರು. ವ್ಯಾಪಾರದವರ ಬಾಯಲ್ಲಿ ಈ ಮೂಲದ ಹೆಸರಿಗೆ ಸಾಲ್ಟ್ ಎನ್ನುತ್ತಾರೆ. ಭಾವ ನನ್ನ ಕಡೆ ತಿರುಗಿ, "ಉಪ್ಪಿನ ಋಣ ಅಂತಿದ್ದೆನಲ್ಲ, ಈಗ ಹೇಳಿದ್ದೂ ಉಪ್ಪಿನ ಹೆಸರೇ" ಎಂದರು. ವೈದ್ಯರು ಎರಡಕ್ಕೆ ಒಪ್ಪಿದರು, ಒಂದಕ್ಕೆ ಒಪ್ಪಲಿಲ್ಲ. ಮೇಷ್ಟರಿಗೆ ತಿಂಗಳಿಗೆ ಒಂದಿಷ್ಟು ಉಳಿಯಿತು. ಮರುತಿಂಗಳು ಚೀಟಿಗಳು ಮೂರಾದವು. ಆಮೇಲೆ ಇಡೀ ಬೀದಿಯೇ ಬರತೊಡಗಿತು.

ಕಳೆದ ಭಾನುವಾರ ನಾನು ಅಲ್ಲಿದ್ದಾಗ ಒಬ್ಬ ಹುಡುಗ ಬಂದ. ಭಾವನವರ ಊರುಗಳು ಈಗ ಅವನ ಪಾಲಿಗೆ ಬಂದಿವೆ. ಅವನನ್ನು ಮೊದಲು ಕೆಲಸಕ್ಕೆ ಸೇರಿಸಿದವರೂ ಭಾವನವರೇ. ಕುರ್ಚಿಯ ತುದಿಯಲ್ಲಿ ಕುಳಿತು, "ಸಾರ್, ನಿಮ್ಮ ಬೀದೀಲಿ ನಮ್ಮ ಮಾತ್ರೆ ಓಡ್ತಿಲ್ಲ ಅಂತ ಅಂಗಡಿಯವನು ಹೇಳ್ದ. ನೀವೇ ಹೇಳ್ತಿದೀರಂತೆ. ನನ್ನ ಟಾರ್ಗೆಟ್ ಗೊತ್ತಲ್ಲ ಸಾರ್ ನಿಮಗೆ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಅವನಿಗೆ ಅಳು ಬರುವಂತಿತ್ತು. ಮನೆಯಲ್ಲಿ ಆರು ತಿಂಗಳ ಕೂಸು.

ಭಾವ ಬಹಳ ಹೊತ್ತು ಮಾತನಾಡಲಿಲ್ಲ. ಅಕ್ಕ ಕಾಫಿ ತಂದಿಟ್ಟಳು. ಆಮೇಲೆ ಅವರು ಕಾಗದವೊಂದನ್ನು ತೆಗೆದುಕೊಂಡು ರಾಣೆಬೆನ್ನೂರಿನ ದಾರಿಯನ್ನು ಬರೆಯತೊಡಗಿದರು: ಯಾವ ವೈದ್ಯರನ್ನು ಯಾವ ವಾರ ನೋಡಬೇಕು, ಯಾರ ಬಳಿ ಮಾತು ಎಲ್ಲಿಂದ ಆರಂಭಿಸಬೇಕು, ಯಾವ ಸ್ಟಾಕಿಸ್ಟ್ ಹಣವನ್ನು ಸಕಾಲಕ್ಕೆ ಕೊಡುತ್ತಾನೆ. ಎರಡು ಪುಟವಾಯಿತು. ಹುಡುಗ ಅದನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಿದ್ದಾಗ ಗೇಟು ಸದ್ದಾಯಿತು. ಮೇಷ್ಟರು, ಕೈಯಲ್ಲಿ ಚೀಟಿ. ಹುಡುಗನನ್ನೂ ಅವನ ಕಪ್ಪು ಚೀಲವನ್ನೂ ನೋಡಿ, "ಆಮೇಲೆ ಬರ್ತೀನಿ ಬಿಡಿ" ಎಂದು ತಿರುಗಿದರು.

"ಬನ್ನಿ ಮೇಷ್ಟ್ರೇ, ನಮ್ಮವನೇ" ಎಂದು ಭಾವ ಕರೆದು, ಚೀಟಿಗೆ ಕೈನೀಡಿ, ಕನ್ನಡಕಕ್ಕಾಗಿ ಮೇಜಿನ ಮೇಲೆ ತಡಕಾಡಿದರು. ಅದನ್ನು ಎತ್ತಿಕೊಟ್ಟವನು ಆ ಹುಡುಗ.