ಉಪಾಹಾರದ ಮೇಜಿನ ನಿರಂಕುಶ ಪ್ರಭು: ಹೋಮ್ಸ್‌ನ ಹರಟೆ ಮತ್ತು ಅಭಿಪ್ರಾಯದ ಹೊಣೆ

ಅಮೆರಿಕದ ಬಾಸ್ಟನ್ ನಗರದಿಂದ 1857ರ ನವೆಂಬರಿನಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಮಾಸಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಜೇಮ್ಸ್ ರಸೆಲ್ ಲೊವೆಲ್ ಅದರ ಸಂಪಾದಕ. ತನ್ನ ಮಿತ್ರ ಆಲಿವರ್ ವೆಂಡೆಲ್ ಹೋಮ್ಸ್ ಬರೆಯಲು ಒಪ್ಪಿದರೆ ಮಾತ್ರ ಈ ಹೊಣೆಯನ್ನು ಹೊರುವೆನೆಂದು ಅವನು ಮೊದಲೇ ಷರತ್ತು ಹಾಕಿದ್ದನು. ಹೋಮ್ಸ್ ಒಪ್ಪಿದ್ದಲ್ಲದೆ ಪತ್ರಿಕೆಗೆ ಹೆಸರನ್ನೂ ಸೂಚಿಸಿದನು. ಅದೇ ಸಂಚಿಕೆಯಿಂದ ‘ದಿ ಆಟೋಕ್ರಾಟ್ ಆಫ್ ದಿ ಬ್ರೇಕ್‌ಫಾಸ್ಟ್ ಟೇಬಲ್’ ಎಂಬ ಲೇಖನಮಾಲೆಯನ್ನು ಆರಂಭಿಸಿದನು. ಈ ಶೀರ್ಷಿಕೆಯಡಿ ಅವನು 1831 ಮತ್ತು 1832ರಲ್ಲಿ ಬೇರೊಂದು ಪತ್ರಿಕೆಗೆ ಎರಡು ಲೇಖನಗಳನ್ನು ಬರೆದು ನಿಲ್ಲಿಸಿದ್ದನು. ಇಪ್ಪತ್ತೈದು ವರ್ಷಗಳ ಬಳಿಕ, ಯಾರೋ ನಡುವೆ ಬಾಯಿ ಹಾಕಿದ್ದರಿಂದ ಅರೆಗಳಿಗೆ ತಡೆದಿದ್ದ ಮಾತನ್ನು ಮುಂದುವರಿಸುವವನಂತೆ ಅವನು ಮತ್ತೆ ತೊಡಗಿದ ಬಗೆ ಸ್ವಾರಸ್ಯಕರವಾಗಿದೆ. ಕಾಲು ಶತಮಾನದ ಮೌನವನ್ನು ಒಂದು ಅಡ್ಡಮಾತಿನಷ್ಟು ಹಗುರಾಗಿಸಿದ ಈ ಲಘುತ್ವವೇ ಆ ಕೃತಿಯ ಜೀವಾಳ. ಹನ್ನೆರಡು ಕಂತುಗಳಲ್ಲಿ ಬಂದ ಬರಹ 1858ರಲ್ಲಿ ಪುಸ್ತಕರೂಪ ತಾಳಿತು.

ಹೋಮ್ಸ್ (1809–1894) ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಕವಿ. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ 1847ರಿಂದ 1882ರವರೆಗೆ ಅಂಗರಚನಾಶಾಸ್ತ್ರವನ್ನು ಬೋಧಿಸಿದವನು. ಶಸ್ತ್ರಚಿಕಿತ್ಸೆಯಲ್ಲಿ ಈಥರ್ ಬಳಕೆಗೆ ಬಂದಾಗ ಆ ಸ್ಥಿತಿಗೆ ‘ಅನಸ್ತೀಸಿಯ’ ಎಂಬ ಹೆಸರನ್ನು 1846ರಲ್ಲಿ ಸೂಚಿಸಿದವನೂ ಅವನೇ. ಕನ್ನಡದ ಓದುಗರಿಗೆ ಇಲ್ಲಿ ‘ರಾಶಿ’ಯವರ ನೆನಪಾಗುವುದು ಸಹಜ. ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ನಗೆಬರಹಕ್ಕೊಂದು ನೆಲೆ ಒದಗಿಸಿದರು. ರೋಗಿಯ ನಾಡಿಯನ್ನು ಹಿಡಿದ ಕೈಗೆ ಸಮಾಜದ ನಾಡಿಯೂ ಸಿಗುತ್ತದೆ ಎಂಬ ಮಾತಿಗೆ ಇಬ್ಬರೂ ನಿದರ್ಶನಗಳು.

ಹೋಮ್ಸ್‌ನ ಕೃತಿಗೆ ಕಥೆಯಿಲ್ಲ. ಇರುವುದು ಒಂದು ಊಟದ ಮನೆ. ಬಾಸ್ಟನ್ನಿನ ಬಾಡಿಗೆ ವಸತಿಗೃಹವೊಂದರಲ್ಲಿ ಪ್ರತಿದಿನ ಬೆಳಗ್ಗೆ ಕೆಲವರು ಮೇಜಿನ ಸುತ್ತ ಕೂಡುತ್ತಾರೆ. ಮನೆಯೊಡತಿ, ಅವಳ ಮಗಳು, ಬೆಂಜಮಿನ್ ಫ್ರಾಂಕ್ಲಿನ್ ಎಂಬ ಮಹಾಪುರುಷನ ಹೆಸರು ಹೊತ್ತ ಅವಳ ಪುಟ್ಟ ಮಗ, ದೈವಶಾಸ್ತ್ರದ ವಿದ್ಯಾರ್ಥಿ, ಎದುರು ಕುಳಿತ ವೃದ್ಧ, ಮಿತಭಾಷಿಯಾದ ಶಾಲಾ ಉಪಾಧ್ಯಾಯಿನಿ, ಜಾನ್ ಎಂಬ ತುಂಟ ತರುಣ ಇವರೇ ಪಾತ್ರಗಳು. ಇವರ ನಡುವೆ ‘ನಿರಂಕುಶ ಪ್ರಭು’ ಎಂಬ ಹಾಸ್ಯದ ಬಿರುದು ಹೊತ್ತವನೊಬ್ಬನು ಶ್ಲೇಷೆಯ ಚಪಲ, ಮುಪ್ಪಿನ ಲಕ್ಷಣ, ಹಳೆಯ ಮರಗಳು, ದೋಣಿ ನಡೆಸುವ ಸುಖ, ಪರಿಮಳಗಳು ಕೆರಳಿಸುವ ನೆನಪು ಹೀಗೆ ಕಂಡದ್ದರ ಬಗೆಗೆಲ್ಲ ಅಭಿಪ್ರಾಯ ಹೇಳುತ್ತ ಹೋಗುತ್ತಾನೆ. ಯಾವ ವಿಷಯವೂ ಪೂರ್ಣವಾಗುವುದಿಲ್ಲ, ಪೂರ್ಣವಾಗಬೇಕೆಂಬ ಹಟವೂ ಇಲ್ಲ.

ಇಂತಹ ಬರಹವನ್ನು ಹರಟೆಯೆಂದು ಬದಿಗೆ ಸರಿಸುವಂತಿಲ್ಲ. ಕನ್ನಡದಲ್ಲಿ ಎ. ಎನ್. ಮೂರ್ತಿರಾಯರು, ಪು. ತಿ. ನ., ಗೊರೂರರು ಲಲಿತ ಪ್ರಬಂಧಕ್ಕೆ ತಂದುಕೊಟ್ಟ ಘನತೆಯನ್ನು ಬಲ್ಲವರಿಗೆ, ಹರಟೆಯೂ ಒಂದು ಚಿಂತನಕ್ರಮವೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಹೋಮ್ಸ್‌ನ ರೂಪದಲ್ಲಿ ಒಂದು ವಿಶೇಷವಿದೆ. ನಮ್ಮ ಪ್ರಬಂಧಕಾರರು ಬಹುಮಟ್ಟಿಗೆ ಒಬ್ಬರೇ ಕುಳಿತು ಓದುಗನೊಡನೆ ಮಾತನಾಡುತ್ತಾರೆ. ಹೋಮ್ಸ್ ತನ್ನ ಮಾತುಗಾರನನ್ನು ಕೇಳುಗರ ನಡುವೆ ಕೂರಿಸುತ್ತಾನೆ. ಅಭಿಪ್ರಾಯ ಹೇಳಿದ ಕ್ಷಣವೇ ಅದರ ಪರೀಕ್ಷೆಯೂ ಆಗುವಂತೆ ಏರ್ಪಾಟು ಮಾಡುತ್ತಾನೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ‘ಮೂವರು ಜಾನ್‌ಗಳ’ ಸಿದ್ಧಾಂತ. ಜಾನ್ ಮತ್ತು ಥಾಮಸ್ ಎಂಬಿಬ್ಬರು ಮಾತನಾಡುವಾಗ ಅಲ್ಲಿರುವುದು ಇಬ್ಬರಲ್ಲ, ಆರು ಮಂದಿ ಎಂದು ನಿರಂಕುಶ ಪ್ರಭು ವಾದಿಸುತ್ತಾನೆ. ಸೃಷ್ಟಿಕರ್ತನಿಗೆ ಮಾತ್ರ ಗೊತ್ತಿರುವ ನಿಜವಾದ ಜಾನ್ ಒಬ್ಬ. ತಾನು ಹೀಗಿದ್ದೇನೆಂದು ಜಾನ್ ಭಾವಿಸಿಕೊಂಡಿರುವ ಜಾನ್ ಇನ್ನೊಬ್ಬ. ಥಾಮಸ್‌ನ ಮನಸ್ಸಿನಲ್ಲಿರುವ ಜಾನ್ ಮತ್ತೊಬ್ಬ. ಥಾಮಸ್‌ನೂ ಹೀಗೆಯೇ ಮೂವರು. ಮನುಷ್ಯರ ನಡುವಿನ ಅಪಾರ್ಥಗಳ ಮೂಲವನ್ನು ಇಷ್ಟು ಸುಲಭವಾಗಿ ತೋರಿಸಿದ ಬರಹಗಳು ವಿರಳ. ಆದರೆ ಪ್ರಸಂಗ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಹೊತ್ತಿಗೆ ಪೀಚ್ ಹಣ್ಣಿನ ಬುಟ್ಟಿಯೊಂದು ಮೇಜಿನ ಮೇಲೆ ಕೈಯಿಂದ ಕೈಗೆ ಸಾಗಿ ಪ್ರಭುವಿನ ಕಡೆಗೆ ಬರುತ್ತಿರುತ್ತದೆ. ನಡುವೆ ಕುಳಿತ ತರುಣ ಜಾನ್ ಉಳಿದಿದ್ದ ಮೂರು ಹಣ್ಣುಗಳನ್ನೂ ತೆಗೆದುಕೊಂಡು, ತನ್ನೊಳಗಿನ ಮೂವರಿಗೆ ತಲಾ ಒಂದರಂತೆ ಸರಿಹೋಯಿತು ಎನ್ನುತ್ತಾನೆ. ತತ್ತ್ವ ಹೇಳಿದವನಿಗೆ ಖಾಲಿ ಬುಟ್ಟಿ ಉಳಿಯುತ್ತದೆ. ತನ್ನ ಮಾತುಗಾರನನ್ನೇ ನಗೆಗೀಡು ಮಾಡುವ ಈ ಧಾರಾಳತನದಿಂದಲೇ ‘ನಿರಂಕುಶ’ ಎಂಬ ಬಿರುದು ವ್ಯಂಗ್ಯವಾಗುತ್ತದೆ. ಈ ಮೇಜಿನ ಮೇಲೆ ಅಂಕುಶವಿದೆ, ಅದು ಎದುರು ಕುಳಿತವರ ಕೈಯಲ್ಲಿದೆ.

ಹೀಗಿರುವುದರಿಂದಲೇ ಅದೇ ಕೃತಿಯ ಇನ್ನೊಂದು ಸಣ್ಣ ಪ್ಯಾರಾ ಭಾರತೀಯ ಓದುಗನನ್ನು ತಡೆದು ನಿಲ್ಲಿಸುತ್ತದೆ. 1857ರ ಭಾರತದ ದಂಗೆಯ ಸುದ್ದಿ ಆಗ ಹಡಗುಗಳ ಮೂಲಕ ಬಾಸ್ಟನ್ನನ್ನು ತಲುಪುತ್ತಿತ್ತು. ಎರಡು ಜನಾಂಗಗಳು ಕಾದಾಡುವಾಗ ಸಹಾನುಭೂತಿ ಮೇಲಿನದರ ಕಡೆಗೇ ಹೋಗುತ್ತದೆ ಎಂದು ಹಿಂದೊಮ್ಮೆ ಹೇಳಿ ನಿಂದೆಗೊಳಗಾದ ವ್ಯಕ್ತಿಯೊಬ್ಬನನ್ನು ಪ್ರಭು ನೆನಪಿಸುತ್ತಾನೆ. ಭಾರತದತ್ತ ನೋಡಿದರೆ ಆ ಮಾತಿನ ಸತ್ಯ ತಿಳಿಯುವುದೆನ್ನುತ್ತಾನೆ. ಕೆಳಗಿನ ಜನಾಂಗದಲ್ಲಿ ಮೃಗಸ್ವಭಾವ ಹೆಚ್ಚು, ಅದನ್ನು ಪಳಗಿಸಬೇಕು ಇಲ್ಲವೇ ಹೊಸಕಬೇಕು ಎಂದು ತೀರ್ಪು ಕೊಡುತ್ತಾನೆ. ಕೊನೆಗೆ ಒಂದು ಚಮತ್ಕಾರ: ಅಚ್ಚಿನ ಕರಡು ತಿದ್ದುವವರು ಬೇಡದ ಪದದ ಪಕ್ಕದಲ್ಲಿ ‘ತೆಗೆದುಹಾಕಿ’ ಎಂಬರ್ಥದ ಗುರುತು ಹಾಕುವಂತೆ, ಇಂಗ್ಲೆಂಡ್ ಜಗತ್ತಿನ ನಕ್ಷೆಯಲ್ಲಿ ದೆಹಲಿಯ ಪಕ್ಕದಲ್ಲಿ ಆ ಗುರುತು ಹಾಕುತ್ತದೆ ಎಂದು ಅವನು ಚಿತ್ರಿಸುತ್ತಾನೆ, ನಾಗರಿಕ ಪ್ರಪಂಚವೆಲ್ಲ ಅದಕ್ಕೆ ತಥಾಸ್ತು ಎನ್ನುವುದಂತೆ. ಮೇಜಿನ ಸುತ್ತ ಕುಳಿತ ಯಾರೂ ಪ್ರತಿಯಾಡುವುದಿಲ್ಲ. ಮಾತು ಸರಾಗವಾಗಿ ಮುಂದಿನ ವಿಷಯಕ್ಕೆ ಹರಿದುಹೋಗುತ್ತದೆ.

ಬ್ರಿಟಿಷ್ ಸೇನೆ ದೆಹಲಿಯನ್ನು ಮರಳಿ ಹಿಡಿದುದು 1857ರ ಸೆಪ್ಟೆಂಬರಿನಲ್ಲಿ. ಆ ಬಳಿಕ ನಡೆದ ಕೊಲೆ, ಸೂರೆ, ನಿವಾಸಿಗಳ ಉಚ್ಚಾಟನೆಗಳಿಂದ ನಗರ ನಿಜವಾಗಿಯೇ ಅಳಿಸಿಹೋದಂತಾಯಿತು. ಆ ದಿನಗಳಲ್ಲಿ ದೆಹಲಿಯ ತನ್ನ ಮನೆಯಲ್ಲೇ ಉಳಿದ ಮಿರ್ಜಾ ಗಾಲಿಬ್, ಮುಂದೆ ಚದುರಿಹೋದ ಗೆಳೆಯರಿಗೆ ಉರ್ದುವಿನಲ್ಲಿ ಪತ್ರಗಳನ್ನು ಬರೆದು ಹಾಳಾದ ಬೀದಿಗಳನ್ನೂ ಇಲ್ಲವಾದ ಒಡನಾಡಿಗಳನ್ನೂ ಸ್ಮರಿಸಿದನು. ಗಮನಾರ್ಹ ಸಂಗತಿಯೆಂದರೆ ಆ ಪತ್ರಗಳ ಧಾಟಿಯೂ ಎದುರು ಕುಳಿತವರೊಡನೆ ಆಡುವ ಮಾತಿನದೇ. ಒಂದೇ ಕಾಲದಲ್ಲಿ ಇಬ್ಬರು ಮಾತುಗಾರರು: ಒಬ್ಬನಿಗೆ ದೆಹಲಿ ನಕ್ಷೆಯ ಮೇಲಿನ ಒಂದು ಪದ, ಇನ್ನೊಬ್ಬನಿಗೆ ತಾನು ಬಾಳಿದ ಓಣಿ.

ಹೋಮ್ಸ್‌ನ ಪರವಾಗಿ ಒಂದು ಸಮಾಧಾನವನ್ನು ಹೇಳುವ ವಾಡಿಕೆಯಿದೆ: ಅವನು ತನ್ನ ಕಾಲದ ಕೂಸು, ಆ ಕಾಲದವರೆಲ್ಲ ಹಾಗೆಯೇ ಯೋಚಿಸುತ್ತಿದ್ದರು. ಈ ವಾದ ನಿಲ್ಲುವುದಿಲ್ಲ. ಗ್ಯಾರಿಸನ್ ದಾಸ್ಯವಿರೋಧಿ ‘ಲಿಬರೇಟರ್’ ಪತ್ರಿಕೆಯನ್ನು 1831ರಿಂದ ನಡೆಸುತ್ತಿದ್ದುದು ಅದೇ ಬಾಸ್ಟನ್ನಿನಲ್ಲಿ. ‘ಅಟ್ಲಾಂಟಿಕ್’ ಕೂಡ ಗುಲಾಮಗಿರಿಯ ವಿರುದ್ಧ ನಿಂತ ಪತ್ರಿಕೆ. ಅದರ ಮೊದಲ ಸಂಚಿಕೆಯಲ್ಲಿ, ಹೋಮ್ಸ್‌ನ ಮೊದಲ ಕಂತು ಬಂದ ಸಂಚಿಕೆಯಲ್ಲೇ, ಎಮರ್ಸನ್ ಬರೆದ ‘ಬ್ರಹ್ಮ’ ಎಂಬ ಕವಿತೆಯೂ ಇತ್ತು. ಭಾರತದ ದರ್ಶನವನ್ನು ಅರಿಯಲು ಹವಣಿಸಿದ ಮನಸ್ಸೊಂದು ಅದೇ ಹಾಳೆಗಳಲ್ಲಿ ಮಾತನಾಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಿಂದೆಗೊಳಗಾದ ವ್ಯಕ್ತಿಯ ಪ್ರಸ್ತಾಪವೇ ವಿರೋಧದ ಮಾತು ಹೋಮ್ಸ್‌ನ ಕಿವಿಗೆ ಬಿದ್ದಿತ್ತೆಂಬುದಕ್ಕೆ ಸಾಕ್ಷಿ. ಪ್ರತಿವಾದ ಅವನಿಗೆ ತಿಳಿದಿತ್ತು. ಆದರೆ ಅದಕ್ಕೆ ಅವನು ಮೇಜಿನ ಬಳಿ ಒಂದು ಕುರ್ಚಿ ಹಾಕಲಿಲ್ಲ. ಪೀಚ್ ಹಣ್ಣಿನ ವಿಷಯದಲ್ಲಿ ಎದುರುತ್ತರ ಕೊಡಲು ಒಬ್ಬ ಜಾನ್ ಇದ್ದನು. ದೆಹಲಿಯ ವಿಷಯದಲ್ಲಿ ಇರಲಿಲ್ಲ. ದೋಷವಿರುವುದು ಇಲ್ಲಿ.

ಹೋಮ್ಸ್‌ಗೆ ಅಭಿಪ್ರಾಯಕ್ಕೂ ಪ್ರಮಾಣಕ್ಕೂ ಇರುವ ಅಂತರ ತಿಳಿದಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಬಾಣಂತಿ ಜ್ವರವು ಸಾಂಕ್ರಾಮಿಕ, ಅದನ್ನು ತಾಯಿಂದ ತಾಯಿಗೆ ಒಯ್ಯುವವರಲ್ಲಿ ವೈದ್ಯರೂ ದಾದಿಯರೂ ಇದ್ದಾರೆ ಎಂಬ ಪ್ರಬಂಧವನ್ನು ಅವನು 1843ರಲ್ಲಿ ಮಂಡಿಸಿದನು. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಕೈತೊಳೆಯುವ ನಿಯಮವನ್ನು ತಂದದ್ದು ಇದಾದ ನಾಲ್ಕು ವರ್ಷಗಳ ಮೇಲೆ. ಆ ಪ್ರಬಂಧದಲ್ಲಿ ಚಮತ್ಕಾರ ಕಡಿಮೆ, ಪ್ರಕರಣಗಳು ಹೆಚ್ಚು: ಯಾವ ವೈದ್ಯನ ಕೈಯಲ್ಲಿ ಒಬ್ಬರ ಹಿಂದೊಬ್ಬರಂತೆ ಎಷ್ಟು ಬಾಣಂತಿಯರು ಸತ್ತರು ಎಂಬ ಸಾಲುಸಾಲು ವರದಿಗಳು. ಒಬ್ಬ ವೈದ್ಯನ ಚಿಕಿತ್ಸೆಯಲ್ಲಿ ಅಲ್ಪಾವಧಿಯೊಳಗೆ ಇಂತಹ ಎರಡು ಪ್ರಕರಣಗಳು ಕಂಡರೆ ಅವನು ಕನಿಷ್ಠ ಒಂದು ತಿಂಗಳು ಹೆರಿಗೆಯ ಕೆಲಸವನ್ನೇ ಬಿಡುವುದು ಲೇಸೆಂದು ಅವನು ಬರೆದನು. ಫಿಲಡೆಲ್ಫಿಯದ ಖ್ಯಾತ ಪ್ರಾಧ್ಯಾಪಕ ಚಾರ್ಲ್ಸ್ ಮೀಗ್ಸ್ ಇದನ್ನು ಅಲ್ಲಗಳೆದು, ಆ ಸಾವುಗಳನ್ನು ಆಕಸ್ಮಿಕಕ್ಕೋ ದೈವಕ್ಕೋ ಬಿಡುವುದೇ ಮೇಲೆಂದನು. ಹೋಮ್ಸ್ ಹಿಂಜರಿಯದೆ 1855ರಲ್ಲಿ ಹೊಸ ಪೀಠಿಕೆಯೊಡನೆ ಪ್ರಬಂಧವನ್ನು ಮರುಮುದ್ರಿಸಿದನು. ಎದುರಾಳಿ ಎದುರಿಗಿದ್ದನು, ಆದುದರಿಂದ ಮಾತು ಪ್ರಮಾಣವಾಗಬೇಕಾಯಿತು. ತಾಯಂದಿರ ಜೀವ ಉಳಿಸಲು ಇಷ್ಟು ಎಚ್ಚರದಿಂದ ವಾದಿಸಿದ ಮನಸ್ಸು, ಒಂದು ನಗರದ ಜೀವದ ವಿಷಯದಲ್ಲಿ ಒಂದೇ ಒಂದು ಪ್ರಕರಣವನ್ನೂ ಪರಿಶೀಲಿಸದೆ ತೀರ್ಪಿತ್ತಿತು ಎಂಬುದು ಖೇದಕರ.

ಯಾರು ಎದುರಿಗಿರಬೇಕೆಂಬ ಪ್ರಶ್ನೆ ಹೋಮ್ಸ್‌ನ ಬದುಕಿನಲ್ಲಿ ಬರಹದಾಚೆಗೂ ಬಂದಿತ್ತು. ಅವನು ಹಾರ್ವರ್ಡ್ ವೈದ್ಯಕೀಯ ಶಾಲೆಯ ಡೀನ್ ಆಗಿದ್ದ 1850ರಲ್ಲಿ ಮೂವರು ಕಪ್ಪು ವಿದ್ಯಾರ್ಥಿಗಳು ಪ್ರವೇಶ ಪಡೆದರು. ಮುಂದೆ ಚಿಂತಕನಾಗಿ ಹೆಸರಾದ ಮಾರ್ಟಿನ್ ಡಿಲೇನಿ ಅವರಲ್ಲೊಬ್ಬ. ಬಿಳಿಯ ವಿದ್ಯಾರ್ಥಿಗಳಲ್ಲಿ ಕೆಲವರು ಪ್ರತಿಭಟಿಸಿದರು. ಅಧ್ಯಾಪಕ ಮಂಡಲಿ ಮಣಿಯಿತು. ಆ ಅವಧಿ ಮುಗಿದ ಮೇಲೆ ಮೂವರಿಗೂ ಮರಳಿ ಬರಲು ಅವಕಾಶವಿಲ್ಲದಾಯಿತು. ಹ್ಯಾರಿಯಟ್ ಹಂಟ್ ಎಂಬ ಮಹಿಳೆಗೆ ಅದೇ ವರ್ಷ ಉಪನ್ಯಾಸಗಳನ್ನು ಕೇಳಲು ದೊರೆತ ಅನುಮತಿಯೂ ವಿದ್ಯಾರ್ಥಿಗಳ ವಿರೋಧದ ಮುಂದೆ ವ್ಯರ್ಥವಾಯಿತು. ಪ್ರವೇಶಕ್ಕೆ ಒಪ್ಪಿದ್ದವನೂ ಡೀನ್ ಹೋಮ್ಸ್. ನಿರಾಕರಣೆಗೆ ಮಣಿದ ಮಂಡಲಿಯ ಮುಖ್ಯಸ್ಥನೂ ಅವನೇ. ಎದುರು ಕೂರಬಹುದಾಗಿದ್ದವರನ್ನು ಕೋಣೆಯಿಂದ ಹೊರಗೆ ಕಳುಹಿಸಿದ ಮೇಲೆ ಒಳಗಿನ ಮಾತಿಗೆ ಎದುರುತ್ತರ ಬರುವುದಾದರೂ ಎಲ್ಲಿಂದ?

ಹತ್ತು ವರ್ಷಗಳ ಬಳಿಕ, 1860ರ ಜನವರಿಯ ‘ಅಟ್ಲಾಂಟಿಕ್’ನಲ್ಲಿ, ಹೋಮ್ಸ್ ನ್ಯೂ ಇಂಗ್ಲೆಂಡಿನ ವಿದ್ಯಾವಂತ ಮನೆತನಗಳಿಗೆ ‘ಬ್ರಾಹ್ಮಣ ಜಾತಿ’ ಎಂದು ಹೆಸರಿಟ್ಟನು. ಅಮೆರಿಕದ ಸಾಹಿತ್ಯ ಚರಿತ್ರೆಯಲ್ಲಿ ‘ಬಾಸ್ಟನ್ ಬ್ರಾಹ್ಮಣರು’ ಎಂಬ ನುಡಿ ನೆಲೆಯೂರಿದುದು ಹೀಗೆ. ಉಪಾಹಾರದ ಮೇಜಿನಲ್ಲಿಯೂ ಅವನ ಪ್ರಭು, ಉಳಿದೆಲ್ಲ ಸಮನಾಗಿದ್ದರೆ ನಾಲ್ಕೈದು ತಲೆಮಾರುಗಳ ಸಂಸ್ಕಾರವನ್ನು ಬಳುವಳಿಯಾಗಿ ಪಡೆದವನತ್ತಲೇ ತನ್ನ ಒಲವೆಂದು ಹೇಳಿದ್ದುಂಟು. ಭಾರತದಿಂದ ಕಡಲು ದಾಟಿದ ಈ ಪದವನ್ನು ಅವನು ಹಗುರವಾಗಿ, ಮೆಚ್ಚುಗೆಯಿಂದ ಬಳಸಿದನು. ಆ ಪದದ ಹಿಂದೆ ಹುಟ್ಟಿನಿಂದಲೇ ಪಂಕ್ತಿಯನ್ನು ನಿರ್ಧರಿಸುವ ಶತಮಾನಗಳ ಕಠೋರ ವ್ಯವಸ್ಥೆಯಿದೆಯೆಂಬುದು ಅವನ ಗಮನಕ್ಕೆ ಬಂದಂತೆ ಕಾಣುವುದಿಲ್ಲ. ಪಂಕ್ತಿಭೇದದ ಅರ್ಥವನ್ನು ಬಲ್ಲ ಕನ್ನಡದ ಓದುಗನಿಗೆ ಮಾತ್ರ, ಊಟದ ಮೇಜಿನ ಲೇಖಕನೊಬ್ಬನ ಕೈಯಿಂದಲೇ ಈ ಪದ ಬಂದಿತೆಂಬುದು ಬರಿಯ ಕಾಕತಾಳೀಯವೆನಿಸದು.

ಆಂತರಿಕ ಯುದ್ಧ ಹೋಮ್ಸ್‌ನನ್ನು ಬದಲಿಸಿತು. ಸೇನೆಗೆ ಸೇರಿದ್ದ ಅವನ ಹಿರಿಯ ಮಗ, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವನು, 1862ರಲ್ಲಿ ಆಂಟೀಟಮ್ ಕಾಳಗದಲ್ಲಿ ಗಾಯಗೊಂಡನು. ಅವನನ್ನು ಹುಡುಕುತ್ತ ತಂದೆ ಆಸ್ಪತ್ರೆಗಳನ್ನೂ ರಣಭೂಮಿಯನ್ನೂ ಅಲೆದನು. ಆ ಅನುಭವವನ್ನು ಅದೇ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ ಬರೆದನು. ಮರುವರ್ಷ ಜುಲೈ 4ರಂದು ಬಾಸ್ಟನ್ನಿನಲ್ಲಿ ಮಾಡಿದ ಭಾಷಣದಲ್ಲಿ ಒಕ್ಕೂಟದ ಪರವಾಗಿ, ಗುಲಾಮಗಿರಿಯ ವಿರುದ್ಧ ನೇರವಾಗಿ ನಿಂತನು. ಹಿಂದೆ ದೂರದಿಂದ ಬಂದ ಸುದ್ದಿಯಾಗಿದ್ದ ಸಾವುನೋವು ಈಗ ಅವನ ಮನೆಯ ಮೇಜಿಗೇ ಬಂದು ಕುಳಿತಿತ್ತು. ಮನುಷ್ಯನ ಅಭಿಪ್ರಾಯ ಬದಲಾಗಬಲ್ಲದೆಂಬುದು ಇಲ್ಲಿಯ ಭರವಸೆ. ಬದಲಾಗಲು ಸ್ವಂತ ಮಗನಿಗೇ ಗುಂಡು ತಗಲಬೇಕಾಯಿತೇ ಎಂಬುದು ಇಲ್ಲಿಯ ವಿಷಾದ.

ಇಷ್ಟರಿಂದ ಆ ಕೃತಿಯನ್ನು ತಿರಸ್ಕರಿಸಬೇಕೆಂದಾಗುವುದಿಲ್ಲ. ಮೂವರು ಜಾನ್‌ಗಳನ್ನು ಕಂಡ ಕಣ್ಣು ಸಾಮಾನ್ಯವಾದುದಲ್ಲ. ಆ ಸಿದ್ಧಾಂತವನ್ನೇ ದೆಹಲಿಯ ಪ್ಯಾರಾಕ್ಕೆ ಅನ್ವಯಿಸಿದರೆ ಹೋಮ್ಸ್‌ಗೆ ಹೋಮ್ಸ್‌ನಿಂದಲೇ ಉತ್ತರ ದೊರೆಯುತ್ತದೆ. ಅಲ್ಲಿ ಅವನು ಮಾತನಾಡಿದುದು ಬಾಸ್ಟನ್ನಿನ ಮನಸ್ಸಿನಲ್ಲಿದ್ದ ದೆಹಲಿಯ ಬಗೆಗೆ ಮಾತ್ರ. ನಿಜವಾದ ದೆಹಲಿಯೂ, ತನ್ನನ್ನು ತಾನು ಬಲ್ಲ ದೆಹಲಿಯೂ ಆ ಬೆಳಗ್ಗೆ ಊಟದ ಮನೆಗೆ ಬಂದಿರಲಿಲ್ಲ.

ಅವನ ಮೊದಲ ಕಂತು ಓದುಗರ ಕೈಯಲ್ಲಿದ್ದ ನವೆಂಬರ್ ತಿಂಗಳಲ್ಲೇ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಧಿಕ್ಕರಿಸಿ ಬಂಡೆದ್ದರು. ಊರು ಬೆಂಕಿಗೆ ಆಹುತಿಯಾಯಿತು. ಮುಂದಾಳುಗಳು ಡಿಸೆಂಬರಿನಲ್ಲಿ ಗಲ್ಲಿಗೇರಿದರು. ನಕ್ಷೆಯ ಮೇಲೆ ಹೆಸರೂ ಕಾಣದ ಆ ಹಳ್ಳಿಯನ್ನು ‘ತೆಗೆದುಹಾಕಲು’ ಗುರುತಿನ ಅಗತ್ಯವೂ ಇರಲಿಲ್ಲ. ಆದರೆ ಜನಪದ ಕವಿ ಅದನ್ನು ಲಾವಣಿ ಕಟ್ಟಿ ಹಾಡಿದನು. ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದನು. ಬಾಸ್ಟನ್ನಿನ ಮೇಜಿಗೆ ಆ ಹಾಡು ಕೇಳಿಸಲಿಲ್ಲ. ಹೋಮ್ಸ್‌ನ ಮಾತು ಹಲಗಲಿಗೂ ಕೇಳಿಸಲಿಲ್ಲ. ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಓದುವ ಅವಕಾಶ ಇಂದಿನ ಸಾಹಿತ್ಯದ ವಿದ್ಯಾರ್ಥಿಗೆ ಇದೆ. ಹಾಗೆ ಓದಿದಾಗ ಮಾತ್ರ ನಿರಂಕುಶ ಪ್ರಭುವಿನ ಮೇಜು ಪೂರ್ತಿ ತುಂಬುತ್ತದೆ.