ಎತ್ತರಿಸಿದ ಜೀಪು ನಡುಗುವುದೇಕೆ?

ಕಲ್ಲುಬಂಡೆ, ಹಳ್ಳಕೊಳ್ಳ ದಾಟಿಸುವ ಹುಮ್ಮಸ್ಸಿನಲ್ಲಿ ಜೀಪನ್ನು ನಾಲ್ಕೈದು ಅಂಗುಲ ಮೇಲೆತ್ತಿಸುವ ಹವ್ಯಾಸಿಗಳು ಅಮೆರಿಕದಲ್ಲಿ ಬಹಳ. ಉದ್ದನೆಯ ಸ್ಪ್ರಿಂಗು, ದೊಡ್ಡ ಟೈರು ಹಾಕಿಸಿದ ಮೇಲೆ ಗಾಡಿಗೆ ಒಂದು ಗತ್ತು ಬರುತ್ತದೆ, ನಿಜ. ಆದರೆ ಹೆದ್ದಾರಿಯಲ್ಲಿ ವೇಗ 80-90 ಕಿ.ಮೀ. ಮುಟ್ಟುತ್ತಿದ್ದಂತೆ ಸೀಟಿನಡಿಯಿಂದ ಗುರ್ರೆಂಬ ನಡುಕ ಶುರುವಾಗುತ್ತದೆ. ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದರೂ ನಿಲ್ಲುವುದಿಲ್ಲ. ದೋಷ ಹೆಚ್ಚಾಗಿ ಚಕ್ರದಲ್ಲಲ್ಲ, ಕೋನದಲ್ಲಿರುತ್ತದೆ. 'ಕೊಸೈನ್ ಕಲಿತು ಏನು ಉಪಯೋಗ?' ಎಂದು ಕೇಳುವ ವಿದ್ಯಾರ್ಥಿಗೆ ಇಲ್ಲೊಂದು ಉತ್ತರವಿದೆ.

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳನ್ನು ದಾಟಿ, ಪ್ರೊಪೆಲ್ಲರ್ ಶಾಫ್ಟ್ ಎಂಬ ಉಕ್ಕಿನ ಕೊಳವೆಯ ಮೂಲಕ ಆಕ್ಸಲ್ ತಲಪುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡುತ್ತಲೇ ಇರುವುದರಿಂದ ಶಾಫ್ಟಿನ ಎರಡೂ ತುದಿಗೆ ಬಾಗುವ ಕೀಲು ಬೇಕು. ಅದೇ ಯೂನಿವರ್ಸಲ್ ಜಾಯಿಂಟ್. ಗ್ಯಾರೇಜಿನವರ ಬಾಯಲ್ಲಿ 'ಕ್ರಾಸ್'. ಸ್ಪ್ರಿಂಗಿನ ನಿಯಮದಿಂದ ಶಾಲಾ ಮಕ್ಕಳಿಗೆ ಪರಿಚಿತನಾದ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಇದನ್ನು ಬಳಸಿದ್ದ. ಹಾಗಾಗಿ ಇದಕ್ಕೆ ಹುಕ್ಸ್ ಜಾಯಿಂಟ್ ಎಂಬ ಹೆಸರೂ ಉಂಟು.

ಈ ಕೀಲಿಗೊಂದು ಹುಟ್ಟುಗುಣವಿದೆ. ಅದು ಬಾಗಿ ನಿಂತಾಗ, ಒಂದು ಕಡೆ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಬಾರಿ ವೇಗ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಮೂಲ ವೇಗವನ್ನು ಬಾಗಿದ ಕೋನದ ಕೊಸೈನಿನಿಂದ ಗುಣಿಸಿದರೆ ಕನಿಷ್ಠ ವೇಗ, ಭಾಗಿಸಿದರೆ ಗರಿಷ್ಠ ವೇಗ. ಕೋನ 5 ಡಿಗ್ರಿ ಇದ್ದಾಗ ಏರಿಳಿತ ಶೇ 0.4 ಮಾತ್ರ. 10 ಡಿಗ್ರಿಗೆ ಶೇ 1.5, 20 ಡಿಗ್ರಿಗೆ ಶೇ 6! ಕೋನ ನಾಲ್ಕು ಪಟ್ಟಾದರೆ ಏರಿಳಿತ ಸುಮಾರು ಹದಿನಾರು ಪಟ್ಟಾಗುತ್ತದೆ.

ಟೈರಿನ ವ್ಯಾಸ 80 ಸೆಂ.ಮೀ., ಆಕ್ಸಲ್ಲಿನ ಗೇರ್ ಅನುಪಾತ 4 ಎಂದುಕೊಳ್ಳಿ. 90 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗಿದರೆ ಶಾಫ್ಟ್ 40 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 80 ಜಗ್ಗಾಟ. ಟೈರಿನ ದೋಷ ನಿಧಾನವಾಗಿ ಕುಲುಕುತ್ತದೆ, ಶಾಫ್ಟಿನದು ಗುಂಯ್‌ಗುಡುತ್ತದೆ ಎನ್ನುವುದಕ್ಕೆ ಕಾರಣ ಇದೇ.

ತಯಾರಕರು ಈ ದೋಷವನ್ನು ದೋಷದಿಂದಲೇ ಕಳೆಯುತ್ತಾರೆ. ಶಾಫ್ಟಿನ ಎರಡೂ ತುದಿಯ ಕೋನ ಸಮನಾಗಿದ್ದು, ಎರಡೂ ಕವಲುಗಳು ಒಂದೇ ನೇರದಲ್ಲಿದ್ದರೆ ಮೊದಲ ಕೀಲಿನ ಏರಿಳಿತವನ್ನು ಎರಡನೆಯದು ರದ್ದು ಮಾಡುತ್ತದೆ. ಆದರೆ ನಡುವಿನ ಶಾಫ್ಟ್ ಮಾತ್ರ ಜಗ್ಗಾಡುತ್ತಲೇ ಇರುತ್ತದೆ. ಆದ್ದರಿಂದ ಕೋನ ಸಮವಿದ್ದರೆ ಸಾಲದು, ಸಣ್ಣದೂ ಇರಬೇಕು.

ಗಾಡಿ ಎತ್ತರಿಸಿದಾಗ ಕೆಡುವುದು ಇದೇ ಲೆಕ್ಕ. ಮಟ್ಟಸವಾಗಿದ್ದ ಒಂದೂವರೆ ಮೀಟರ್ ಶಾಫ್ಟಿನ ಒಂದು ತುದಿ 10 ಸೆಂ.ಮೀ. ಮೇಲಕ್ಕೆ ಹೋದರೆ ಕೋನ ಸುಮಾರು 4 ಡಿಗ್ರಿ; ಅರ್ಧ ಮೀಟರಿನ ಶಾಫ್ಟಾದರೆ 11 ಡಿಗ್ರಿಗೂ ಹೆಚ್ಚು. 1997ರಿಂದ 2006ರವರೆಗಿನ ಜೀಪ್ ರ್‍ಯಾಂಗ್ಲರ್ 'ಟಿಜೆ' ಮಾದರಿಯ ಹಿಂದಿನ ಶಾಫ್ಟ್ ತೀರಾ ಗಿಡ್ಡ. ನಡುಕದ ದೂರಿಗೆ ಅದು ಹೆಸರಾದದ್ದು ಹೀಗೆ.

ಪರಿಹಾರ ಎರಡು ಬಗೆ. ಮೊದಲನೆಯದು ಟ್ರಾನ್ಸ್‌ಫರ್ ಕೇಸನ್ನು ಬಿಲ್ಲೆ ಕೊಟ್ಟು ಒಂದು ಅಂಗುಲದಷ್ಟು ಕೆಳಗಿಳಿಸುವುದು. ಖರ್ಚು ಕಡಿಮೆ, ಆದರೆ ಗಳಿಸಿದ ಎತ್ತರದಲ್ಲಿ ಹೊಟ್ಟೆಯಡಿ ಅಷ್ಟು ನಷ್ಟ. ಎರಡನೆಯದು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಬಾಲವನ್ನು ಗಿಡ್ಡ ಮಾಡಿ, ಉದ್ದನೆಯ ಹೊಸ ಶಾಫ್ಟ್ ಜೋಡಿಸುವುದು. ಇದರ ಮೇಲ್ತುದಿಯಲ್ಲಿ ಎರಡು ಕ್ರಾಸ್ ಒಟ್ಟಿಗಿರುವ 'ಡಬಲ್ ಕಾರ್ಡನ್' ಕೀಲಿರುತ್ತದೆ. ಏರಿಳಿತ ಅಲ್ಲಿಯೇ ರದ್ದಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ. ಡಬಲ್ ಕಾರ್ಡನ್ ಇದ್ದರೆ ಆಕ್ಸಲ್ಲಿನ ಪಿನಿಯನ್ ಶಾಫ್ಟಿನ ನೇರಕ್ಕೇ ಮುಖ ಮಾಡಿರಬೇಕು. ಎಳೆತದಲ್ಲಿ ಪಿನಿಯನ್ ಮೇಲೇಳುವುದರಿಂದ ಒಂದೆರಡು ಡಿಗ್ರಿ ತಗ್ಗಿಸಿಡುವುದು ವಾಡಿಕೆ. ಸಾಮಾನ್ಯ ಶಾಫ್ಟಾದರೆ ಪಿನಿಯನ್ ಟ್ರಾನ್ಸ್‌ಫರ್ ಕೇಸಿನ ದಂಡಕ್ಕೆ ಸಮಾನಾಂತರವಾಗಿರಬೇಕು. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರೆ ನಡುಕ ಹೆಚ್ಚುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮುನ್ನ ಕೋನ ಅಳೆಯಬೇಕು. ಸವೆದ ಕ್ರಾಸ್, ನೆಗ್ಗಿದ ಕೊಳವೆ, ಬಿದ್ದುಹೋದ ಬ್ಯಾಲೆನ್ಸ್ ತುಂಡು ಇವೆಯೇ ಎಂದು ನೋಡಬೇಕು. ಬಿಚ್ಚುವ ಮೊದಲು ಶಾಫ್ಟಿನ ಎರಡು ಭಾಗಗಳ ಮೇಲೂ ಬಣ್ಣದ ಗುರುತು ಹಾಕಿಕೊಂಡರೆ ಕವಲುಗಳು ತಪ್ಪಿ ಕೂರುವುದಿಲ್ಲ.

ನಡುಕವನ್ನು ಸಹಿಸಿಕೊಂಡು ಓಡಿಸುವುದು ಜಾಣತನವಲ್ಲ. ಕ್ರಾಸ್ ಬೇಗ ಸವೆಯುತ್ತದೆ. ವೇಗದಲ್ಲಿ ಶಾಫ್ಟ್ ಕಿತ್ತು ಬಂದರೆ ಜೀವಕ್ಕೇ ಅಪಾಯ.

ತಂದೆತಾಯಿಯರು ತಿಳಿದಿರಬೇಕಾದ ಮಾತೊಂದಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಮಗ ಜೀಪು ಎತ್ತರಿಸುವ ಮಾತೆತ್ತಿದರೆ ಕಾನೂನನ್ನು ತಿಳಿಸಿ, ಕೈಗೊಂದು ಕೋನಮಾಪಕ ಕೊಡಬಹುದು. ಮಲೆನಾಡಿನ ತೋಟಗಳಲ್ಲಿ ದುಡಿಯುವ, ಎತ್ತರಿಸದ ಜೀಪುಗಳಲ್ಲೂ ಇದೇ ಕೀಲಿದೆ. ಕಲಿಯಲು ಅಷ್ಟು ಸಾಕು.