ಬೈಕಿಗೆ ಇಲ್ಲಿ ದಾರಿಯಿಲ್ಲ ಎಂದವರು ಎಲ್ಲಿದೆ ಎಂದೂ ಹೇಳಬೇಕು



ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಬೈಕುಗಳು ನುಗ್ಗುತ್ತಿವೆ, ಎಷ್ಟು ಹೇಳಿದರೂ ಸವಾರರಿಗೆ ಬುದ್ಧಿ ಬರುವುದಿಲ್ಲ, ದಂಡ ಜಾಸ್ತಿ ಮಾಡಬೇಕು ಎಂಬ ಮಾತು ನಮ್ಮ ಕಡೆ ಪತ್ರಿಕೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುತ್ತಲೇ ಇದೆ. ಅದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಒಪ್ಪದ ಇನ್ನರ್ಧದ ಬಗ್ಗೆ ಈ ಪತ್ರ.

ನಾನು ರಾಬರ್ಟ್‌ಸನ್‌ಪೇಟೆಯವಳು. ಬಂಗಾರಪೇಟೆ ಕಡೆಯ ಒಂದು ಹಳ್ಳಿ ಶಾಲೆಗೆ ಹತ್ತೊಂಬತ್ತು ವರ್ಷದಿಂದ ಸ್ಕೂಟರಿನಲ್ಲೇ ಹೋಗಿಬರುತ್ತಿದ್ದೇನೆ.

ಮೊದಲು ಒಪ್ಪುವ ಮಾತು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮೇಲೆ ಬೇತಮಂಗಲಕ್ಕೆ ಬರುವ ಸುಮಾರು 71 ಕಿ.ಮೀ. ರಸ್ತೆ ಗಂಟೆಗೆ 120 ಕಿ.ಮೀ. ವೇಗಕ್ಕೆಂದು ಕಟ್ಟಿದ್ದು. ಅಲ್ಲಿ ಅರವತ್ತರಲ್ಲಿ ಹೋಗುವ ಬೈಕು ನೂರು ಮೀಟರ್ ಮುಂದಿದ್ದರೆ ಹಿಂದಿನ ಕಾರು ಆರೇ ಸೆಕೆಂಡಿನಲ್ಲಿ ಅದರ ಬೆನ್ನಿಗೆ ಬಂದಿರುತ್ತದೆ. 2024ರ ಕೊನೆಗೆ ವಾಹನ ಬಿಟ್ಟ ಮೇಲೆ ಆದದ್ದೇ ಅದು. 2025ರ ಮಾರ್ಚ್ ಮೊದಲ ವಾರ ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲೇ ಕಾರು–ಬೈಕು ಡಿಕ್ಕಿಯಲ್ಲಿ ಜೀವಗಳು ಹೋದವು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ನಿಲ್ಲಿಸಿ, ಕ್ಯಾಮೆರಾ ಹಾಕಿದ ಮೇಲೆ ಸಾವು ಇಳಿದದ್ದನ್ನೂ ಕಂಡಿದ್ದೇವೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಮೈಸೂರು ರಸ್ತೆಯಲ್ಲಿ ಬೇಡವೆಂದಾಗ ಪಕ್ಕದಲ್ಲಿ ಎರಡೂ ಕಡೆ ಎರಡೆರಡು ಪಥದ ಸರ್ವಿಸ್ ರಸ್ತೆ ಇತ್ತು. ನಮ್ಮದು ಹೊಲ, ತೋಪು, ಕೆರೆಯಂಗಳ ಸೀಳಿಕೊಂಡು ಹೋದ ಹೊಸ ರಸ್ತೆ. ಹಾಗೆ ಉದ್ದಕ್ಕೂ ಜೊತೆಗೆ ಬರುವ ಸರ್ವಿಸ್ ರಸ್ತೆ ಇದಕ್ಕಿಲ್ಲ. ಮೇಲಿನಿಂದ ಇಳಿಸಿದ ಸವಾರ ವಾಪಸ್ ಹೋಗಬೇಕಾದದ್ದು ಅದೇ ಹಳೇ ರಸ್ತೆಗೆ.

ಆ ಹಳೇ ರಸ್ತೆ ಹೇಗಿದೆ ಎಂದು ಯಾರಾದರೂ ಕೇಳಿದ್ದಾರೆಯೇ? ಊರೊಳಗೆ ಅಗಲ, ಊರು ದಾಟಿದರೆ ಇಕ್ಕಟ್ಟು. ಎಷ್ಟೋ ಕಡೆ ಟಾರಿನ ಅಂಚು ಪಕ್ಕದ ಮಣ್ಣಿಗಿಂತ ಒಂದು ಗೇಣು ಮೇಲಿದೆ. ಟಾರಿನ ಮೇಲೆ ಟಾರು ಹಾಕುತ್ತಾ ಹೋದರು, ಬದಿಗೆ ಮಣ್ಣು ತುಂಬಲಿಲ್ಲ. ಮೂರು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ಎದುರಿನಿಂದ ಟೊಮೆಟೊ ಕ್ರೇಟಿನ ಗಾಡಿ ಬಸ್ಸನ್ನು ಹಿಂದಿಕ್ಕಲು ನನ್ನ ಕಡೆಗೇ ಬಂತು. ಎಡಕ್ಕೆ ಇಳಿಸಿದೆ. ಗಾಡಿ ಹೋಯಿತು. ಮತ್ತೆ ಮೇಲೆ ಹತ್ತಿಸಲು ಹೋದಾಗ ಚಕ್ರ ಹತ್ತಲಿಲ್ಲ, ಅಂಚಿಗೇ ಉಜ್ಜಿಕೊಂಡು ಓಡಿತು, ಸ್ಕೂಟರು ನನ್ನನ್ನು ರಸ್ತೆಯ ಕಡೆಗೇ ಕೆಡವಿತು. ಹಿಂದೆ ಲಾರಿ ಇರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಬಲಗೈಗೆ ಎರಡು ತಿಂಗಳು ಪ್ಲಾಸ್ಟರ್. ಅಂದು ಹಾಕಿದ್ದ ಹೆಲ್ಮೆಟ್ಟಿನ ಬಲಭಾಗದಲ್ಲಿ ಅಂಗೈಯಗಲ ಬಣ್ಣ ಕೆತ್ತಿಹೋಗಿ ಒಳಗಿನ ಬಿಳುಪು ಕಾಣುತ್ತದೆ. ಅದನ್ನು ಶಾಲೆಗೆ ಒಯ್ದು ಮಕ್ಕಳ ಕೈಗೆ ಕೊಟ್ಟೆ. ಒಬ್ಬೊಬ್ಬರಾಗಿ ಬೆರಳಾಡಿಸಿ ನೋಡಿದರು. ಒಬ್ಬ ಹುಡುಗ ಮಾತ್ರ ಮುಟ್ಟಲಿಲ್ಲ. ಅವನ ಮಾವ ನಾನು ಬಿದ್ದ ಜಾಗದ ಹತ್ತಿರವೇ ತೀರಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು.

ಡಿಸೆಂಬರ್ ಬಂದರೆ ರಾಗಿ, ಹುರುಳಿ ಒಕ್ಕಣೆಗೆ ರಸ್ತೆಗೇ ಬರುತ್ತವೆ. ಕಾರಿಗಿಂತ, ಬಸ್ಸಿಗಿಂತ ಅದರ ಅಪಾಯ ಸವಾರರಿಗೇ ಹೆಚ್ಚು. ಸ್ಕೂಟರಿನ ಮುಂದಿನ ಚಕ್ರ ಹುರುಳಿ ಸೊಪ್ಪಿನ ಮೇಲೆ ಹತ್ತಿತೆಂದರೆ ಹ್ಯಾಂಡಲ್ ಕೈಗೆ ಸಿಗುವುದಿಲ್ಲ, ಬ್ರೇಕ್ ಮುಟ್ಟಿದರೆ ಬಿದ್ದಂತೆಯೇ. ರೈತರನ್ನು ಬೈದು ಪ್ರಯೋಜನವಿಲ್ಲ. ಸಗಣಿ ಸಾರಿಸಿ ಕಣ ಮಾಡುವ ಕಾಲ ಹೋಯಿತು, ಆಳಿಲ್ಲ, ಜಾಗವಿಲ್ಲ. ನರೇಗಾದಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿಕೊಟ್ಟ ಪಂಚಾಯಿತಿಗಳಿವೆ. ರಸ್ತೆ ಪಕ್ಕದ ಪ್ರತಿ ಊರಿಗೂ ಒಂದು ಕಟ್ಟಿಸಿದರೆ ಅದೂ ಸವಾರನ ಜೀವ ಉಳಿಸುವ ಕೆಲಸವೇ. ಬೇಸಿಗೆಯಲ್ಲಿ ಕೆಜಿಎಫ್ ಚಿನ್ನದ ಗಣಿ ಬಿಟ್ಟುಹೋದ ಸಯನೈಡ್ ದಿಬ್ಬದ ಧೂಳು ಗಾಳಿಗೆದ್ದು ಕಣ್ಣಿಗೆ ಹೊಡೆಯುವುದನ್ನು ಗಾಜು ಏರಿಸಿದ ಕಾರಿನಲ್ಲಿ ಕೂತವರಿಗೆ ಹೇಳಿ ತಿಳಿಸುವುದು ಕಷ್ಟ.

ಈ ರಸ್ತೆಯಲ್ಲಿ ಹೋಗುವವರು ಷೋಕಿಗೆ ಬೈಕು ಹತ್ತಿದವರಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂನವರು ಮನೆಯಿಂದ ಶಾಫ್ಟಿಗೆ ನಡೆದೇ ಹೋಗುತ್ತಿದ್ದರು. ಇಂದು ಅವರ ಮಕ್ಕಳ ಅನ್ನ ಐವತ್ತು, ನೂರು ಕಿಲೋಮೀಟರ್ ದೂರದಲ್ಲಿದೆ. ಬೆಂಗಳೂರಿಗೆ ಹೋಗುವವರಿಗೆ ಮಾರಿಕುಪ್ಪಂ–ಬಂಗಾರಪೇಟೆ ರೈಲಿದೆ. 1894ರಲ್ಲಿ ಗಣಿಗಾಗಿ ಹಾಕಿದ ಆ ಹಳಿಯೇ ಇಂದಿಗೂ ನಮ್ಮೂರನ್ನು ಸಾಕುತ್ತಿದೆ. ಆದರೆ ರೈಲಿನ ಹೊತ್ತೂ ಫ್ಯಾಕ್ಟರಿಯ ಶಿಫ್ಟೂ ಹೊಂದುವುದಿಲ್ಲ. ಕಂಪನಿ ಬಸ್ಸು ಎಲ್ಲರಿಗೂ ಸಿಗುವುದಿಲ್ಲ. ನರಸಾಪುರಕ್ಕೆ, ಮಾಲೂರಿಗೆ ಬೆಳಗಿನ ಜಾವ ಹೊರಡುವ ಹುಡುಗರಿಗೆ ಬೈಕೇ ಗತಿ. ನನ್ನ ಹಳೇ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ, ಎಕ್ಸ್‌ಪ್ರೆಸ್‌ವೇ ಯಾಕೆ ಹತ್ತುತ್ತೀಯಪ್ಪ ಎಂದು. "ಮೇಲೆ ಹೋದ್ರೆ ಕಾರಿಗೆ ಭಯ ಮಿಸ್, ಕೆಳಗೆ ಹೋದ್ರೆ ಗುಂಡಿಗೆ ಭಯ. ಮೇಲೆ ಹೋದ್ರೆ ಟೈಮಾದ್ರೂ ಉಳೀತದೆ" ಎಂದ. ಅವನ ಲೆಕ್ಕ ತಪ್ಪು, ಅವನಿಗೆ ಹಾಗೆಂದೇ ಹೇಳಿದೆ. ಆದರೆ ಇಪ್ಪತ್ಮೂರು ವರ್ಷದ ಹುಡುಗ ದಿನಾ ಬೆಳಗ್ಗೆ ಎರಡು ಭಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದದ್ದು ಅವನೊಬ್ಬನ ತಪ್ಪಲ್ಲ. ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆಯೇ ಇದೆ. ದೇಶಕ್ಕೆ ಬೈಕು ಮಾಡಿ ಕಳಿಸುವ ಜಿಲ್ಲೆಯಲ್ಲಿ ಬೈಕಿನವರಿಗೊಂದು ನೆಟ್ಟಗಿನ ದಾರಿ ಇರಬೇಡವೇ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಒಟ್ಟು ಸಾವಿನಲ್ಲಿ ಶೇ 60ಕ್ಕೂ ಹೆಚ್ಚು ಆದದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅಲ್ಲ. ರಾಜ್ಯ ಹೆದ್ದಾರಿಗಳಲ್ಲಿ, ಜಿಲ್ಲಾ ರಸ್ತೆಗಳಲ್ಲಿ, ಹಳ್ಳಿ ಮತ್ತು ನಗರದ ರಸ್ತೆಗಳಲ್ಲಿ. ಎಕ್ಸ್‌ಪ್ರೆಸ್‌ವೇಯಿಂದ ಬೈಕು ಇಳಿಸಿದರೆ ಕೆಲಸ ಮುಗಿಯಿತು ಎಂದುಕೊಂಡವರು ಈ ಅಂಕಿಯನ್ನು ಎರಡು ಸಲ ಓದಬೇಕು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ ಹೆಲ್ಮೆಟ್ ದಂಡ ಏರಿದ್ದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ 198ಎ ಎಂಬ ಕಲಮೂ ಬಂತು. ರಸ್ತೆಯ ವಿನ್ಯಾಸ, ಕಾಮಗಾರಿ ಅಥವಾ ನಿರ್ವಹಣೆ ನಿಗದಿತ ಗುಣಮಟ್ಟಕ್ಕಿಲ್ಲದೆ ಯಾರಾದರೂ ಸತ್ತರೆ, ಅಂಗವಿಕಲರಾದರೆ, ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಸವಾರನ ಕಲಮು ವೃತ್ತದಲ್ಲಿ ದಿನವೂ ಜಾರಿಯಾಗುತ್ತದೆ. ರಸ್ತೆ ಮಾಡಿದವರ ಕಲಮನ್ನು ನಮ್ಮ ಕಡೆ ಪ್ರಯೋಗಿಸಿದ್ದನ್ನು ನಾನು ಕಂಡಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮಲೇಷ್ಯಾದಲ್ಲಿ ಕ್ವಾಲಾಲಂಪುರದ ಫೆಡರಲ್ ಹೆದ್ದಾರಿಗೆ ಅಂಟಿಕೊಂಡೇ ಬೈಕಿಗೆಂದು ಬೇರೆ ಪಥ ಮಾಡಿ ಐವತ್ತು ವರ್ಷದ ಹತ್ತಿರವಾಯಿತು. ಅಷ್ಟು ಆಗದಿದ್ದರೆ ಬೇಡ. ಕೆಜಿಎಫ್–ಬಂಗಾರಪೇಟೆ, ಬಂಗಾರಪೇಟೆ–ಮಾಲೂರು, ಬಂಗಾರಪೇಟೆ–ಕೋಲಾರ ರಸ್ತೆಗಳ ಎರಡೂ ಬದಿಯಲ್ಲಿ ಒಂದೂವರೆ ಮೀಟರ್ ಟಾರು ಹಾಕಿ, ಬಿಳಿ ಗೆರೆ ಎಳೆಯಿರಿ. ಬೈಕು, ಸೈಕಲ್, ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರು ಅದರಲ್ಲಿ ಹೋಗುತ್ತಾರೆ. ಅದಕ್ಕೆ ಹಣ ಬರುವವರೆಗೆ ಅಂಚಿಗೆ ಮಣ್ಣನ್ನಾದರೂ ತುಂಬಿಸಿ, ತಿರುವುಗಳಿಗೆ ದೀಪ ಹಾಕಿಸಿ. ಎಕ್ಸ್‌ಪ್ರೆಸ್‌ವೇ ಕೆಳಗಿನ ಸೇತುವೆಗಳಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಿ. ನೀರು ನಿಂತಾಗಲೇ ಹಳ್ಳಿಯವರು ಬೇಲಿಯ ಸಂದಿನಿಂದ ಬೈಕು ಮೇಲೇರಿಸುತ್ತಾರೆ.

ಸವಾರರಿಗೂ ಒಂದು ಮಾತು, ಅವರಲ್ಲಿ ಒಬ್ಬಳಾಗಿ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಪೊಲೀಸರು ಕಂಡಾಗ ತಲೆಗೆ ಇಡುವುದನ್ನು ಬಿಡಿ. ಪಟ್ಟಿ ಬಿಗಿಯದ ಹೆಲ್ಮೆಟ್ ನಾವು ನೆಲಕ್ಕೆ ಬೀಳುವ ಮೊದಲೇ ಹಾರಿಹೋಗುತ್ತದೆ. ಹಿಂದೆ ಕೂತ ಹೆಂಗಸರಿಗೂ 2016ರಿಂದಲೇ ಹೆಲ್ಮೆಟ್ ಕಡ್ಡಾಯ, ಆದರೆ ನಮ್ಮಲ್ಲಿ ಹಾಕುವವರನ್ನು ಬೆರಳಲ್ಲಿ ಎಣಿಸಬಹುದು. ಇದನ್ನು ಯಾವ ಇಲಾಖೆಯೂ ನಮಗಾಗಿ ಮಾಡಿಕೊಡಲಾರದು.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೆ. ಒಂದು ಸಂಜೆ ಆರೂವರೆಗೆ ಬಂಗಾರಪೇಟೆ ಸ್ಟೇಷನ್ನಿಗೆ ಬನ್ನಿ. ರೈಲಿಳಿದು ಸ್ಟ್ಯಾಂಡಿನಿಂದ ಬೈಕು ತೆಗೆಯುವವರ ಹಿಂದಿನ ಸೀಟಿನಲ್ಲಿ ಕೂತು ಕೆಜಿಎಫ್‌ವರೆಗೆ ಒಮ್ಮೆ ಹೋಗಿ. ಈ ಸಲದ ರಾಗಿ ರಸ್ತೆಗೆ ಬೀಳುವ ಮೊದಲೇ ಬನ್ನಿ. ಆ ಹೊತ್ತಿಗೆ ಅಂಚಿಗೆ ಮಣ್ಣಾದರೂ ಬಿದ್ದಿರಲಿ.

– ಒಬ್ಬ ಶಿಕ್ಷಕಿ, ರಾಬರ್ಟ್‌ಸನ್‌ಪೇಟೆ, ಕೆಜಿಎಫ್